ಒಂದನೇ ನಂಬರ್

“ನೋಟ್‌ಬುಕ್ ಬಿಡು ಅಂದೆ!”

“ನೀನು ಬಿಡು. ಹರಿದುಹೋಗತ್ತೆ ಕಣೇ!”

“ಹರೀಲಿ! ಇದು ನನ್ನದು. ಮೂರು ವರ್ಷದಿಂದ ನಾನೇ ಬರೀತಾ ಇರೋದು. ನಿನ್ನೆ ಮೊನ್ನೆ ಬಂದವಳು, ನೀನ್ಯಾರು ಕೇಳೋಕೆ?”

ನೋಟ್‌ಬುಕ್ಕಿನ ಒಂದು ತುದಿ ಇಂಚು ಕೈಯಲ್ಲಿ, ಇನ್ನೊಂದು ತುದಿ ಅಕ್ಕನ ಕೈಯಲ್ಲಿ. ನಡುವೆ ಅಮ್ಮನ ಹೊಲಿಗೆ ಮಿಷನ್. ಅಮ್ಮ ಬಾಯಲ್ಲಿ ಎರಡು ಗುಂಡುಪಿನ್ ಕಚ್ಚಿಕೊಂಡಿದ್ದಳು. ಅದಕ್ಕೇ ಬೈಗುಳ ಹೊರಗೆ ಬರೋಕೆ ಸ್ವಲ್ಪ ತಡವಾಯಿತು.

“ಇಂಚು! ಕೊಡೇ ಅದನ್ನ. ಅಕ್ಕ ಏನು ತಿಂದುಬಿಡ್ತಾಳಾ?”

ಇಂಚು ನೋಟ್‌ಬುಕ್ ಬಿಟ್ಟಳು. ಕೊಟ್ಟಳು ಅನ್ನೋದಕ್ಕಿಂತ ಎಸೆದಳು ಅನ್ನಬೇಕು.

ಸ್ಕೂಲಿನ ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿದೆ. ಆದರೆ ಟೈಲರಮ್ಮನ ಮಗಳು, ನೋಡೋಕೆ ಗುಬ್ಬಚ್ಚಿಯಷ್ಟು, ಕುತ್ತಿಗೆಯಲ್ಲಿ ಯಾವಾಗಲೂ ಟೇಪು. ಬೇಕರಿ ಅಂಕಲ್ ಒಂದು ದಿನ “ಏನಮ್ಮಾ ಇಂಚು” ಅಂದದ್ದೇ ಅಂದದ್ದು, ಆ ಹೆಸರು ಗೋಂದು ಹಾಕಿದ ಹಾಗೆ ಅಂಟಿಕೊಂಡಿತು. ಅಮ್ಮ ಅಳೆದು ಕೂಗುತ್ತಾಳೆ: “ಭುಜ ಹದಿನೈದು! ತೋಳು ಇಪ್ಪತ್ತೆರಡು!” ಇಂಚು ಬರೆದುಕೊಳ್ಳುತ್ತಾಳೆ. ಆ ಕೆಲಸ ಅವಳದು. ಅವಳೊಬ್ಬಳದೇ. ದೊಡ್ಡಮ್ಮನ ಮಗಳು, ಈ ಅಕ್ಕ, ಬರುವ ತನಕ.

ಅಕ್ಕ ಕಂಪ್ಯೂಟರ್ ಕೋರ್ಸ್ ಓದೋಕೆ ಬಂದವಳು. ಹಾಸ್ಟೆಲ್‌ನಲ್ಲಿ ರೂಮು ಸಿಕ್ಕಿತ್ತು. “ಹಾಸ್ಟೆಲ್ ಯಾಕೆ, ನಮ್ಮನೆ ಇಲ್ವಾ?” ಅಂತ ಅಮ್ಮನೇ ಉಳಿಸಿಕೊಂಡಳು. ಬಂದ ವಾರಕ್ಕೇ ಅಕ್ಕ, ಅಪ್ಪ ತಂದಿಟ್ಟಿದ್ದ ಹಳೇ ಕಂಪ್ಯೂಟರಿನ ಧೂಳು ಒರೆಸಿದಳು. “ಚಿಕ್ಕಮ್ಮ, ನಿಮ್ಮ ಅಳತೆಗಳನ್ನೆಲ್ಲ ಇದರಲ್ಲಿ ಹಾಕಿಕೊಡ್ತೀನಿ” ಅಂದಳು.

ಅಮ್ಮ ತಕ್ಷಣ ಹ್ಞೂಂ ಅಂದಳು. ಅದಕ್ಕೆ ಕಾರಣ ಬೇಕರಿ ಅಂಕಲ್ ಪ್ಯಾಂಟು.

ಅಂಕಲ್ ಹೆಸರು ನೋಟ್‌ಬುಕ್ಕಿನಲ್ಲಿ ಮೂರು ಕಡೆ ಇತ್ತು. ಒಂದು ಕಡೆ ಸೊಂಟ ಮೂವತ್ನಾಲ್ಕು, ಇನ್ನೊಂದು ಕಡೆ ಮೂವತ್ತೆಂಟು, ಕೊನೆಗೆ ನಲವತ್ತೊಂದು. ಕಳೆದ ತಿಂಗಳು ಅಮ್ಮ ಮೂವತ್ನಾಲ್ಕಕ್ಕೇ ಹೊಲಿದುಬಿಟ್ಟಳು. ಅಂಕಲ್ ಉಸಿರು ಹಿಡಿದು ಹಾಕಿಕೊಂಡರು, ಕುರ್ಚಿಯಲ್ಲಿ ಕೂತರು. ಟರ್ರ್!

ಆ ಹಳೇ ಪುಟ ತೆಗೆದುಕೊಟ್ಟವಳು ಇಂಚು. ಅಮ್ಮ ಬೈಯದೆ ಹರಿದದ್ದನ್ನು ಬಿಚ್ಚೋಕೆ ಕೂತಳು. ಬೈದಿದ್ದರೇ ಚೆನ್ನಾಗಿತ್ತು.

“ನೋಡಿ ಚಿಕ್ಕಮ್ಮ,” ಅಕ್ಕ ಸ್ಕ್ರೀನ್ ತೋರಿಸಿದಳು. “ಈ ಟೇಬಲ್‌ನಲ್ಲಿ, ಅಂದ್ರೆ ಈ ಪಟ್ಟಿಯಲ್ಲಿ, ಗಿರಾಕಿಗಳು. ಒಬ್ಬರಿಗೆ ಒಂದೇ ಸಾಲು, ಒಂದೇ ನಂಬರ್. ಆ ಟೇಬಲ್‌ನಲ್ಲಿ ಅಳತೆಗಳು. ಅಂಕಲ್ ಹತ್ತು ಸಲ ದಪ್ಪ ಆದರೆ ಅಲ್ಲಿ ಹತ್ತು ಸಾಲು, ತಾರೀಖಿನ ಜೊತೆ. ಹೆಸರಿನ ಬದಲು ಅವರ ನಂಬರ್ ಹಾಕಿದರೆ ಸಾಕು.”

“ಇದು ಅದು ಎರಡೂ ಒಬ್ಬರದೇ ಅಂತ ಅದಕ್ಕೆ ಹೆಂಗೆ ಗೊತ್ತಾಗತ್ತೆ?” ಅಮ್ಮ ಕೇಳಿದಳು.

“ಹೀಗೆ.” ಅಕ್ಕ ಮೌಸ್ ಒತ್ತಿ ಒಂದು ಟೇಬಲ್ಲಿನ ಡಬ್ಬಿಯಿಂದ ಇನ್ನೊಂದರ ಡಬ್ಬಿಗೆ ಎಳೆದಳು. ಎರಡರ ನಡುವೆ ಒಂದು ಗೆರೆ ಮೂಡಿತು. ಥೇಟ್ ಎರಡು ತುಂಡು ಬಟ್ಟೆ ಸೇರಿಸಿ ಹೊಲಿದ ದಾರ.

“ಅಯ್ಯೋ, ಹೊಲಿದೇಬಿಟ್ಟೆಯಲ್ಲೇ!” ಅಮ್ಮ ನಕ್ಕು ಅಕ್ಕನ ಭುಜದ ಮೇಲೆ ಕೈಯಿಟ್ಟಳು.

ಇಂಚು ಆ ಕೈಯನ್ನೇ ನೋಡಿದಳು.

“ಗಿರಾಕಿಯ ಸಾಲು ಅಳಿಸಿದರೆ ಅವರ ಅಳತೆಗಳೂ ಹೋಗೋ ಹಾಗೆ ಟಿಕ್ ಹಾಕಿದೀನಿ. ಇಲ್ಲಾಂದ್ರೆ ಯಾರದು ಅಂತಲೇ ಗೊತ್ತಿಲ್ಲದ ಅಳತೆಗಳು ಅಲ್ಲೇ ಬಿದ್ದಿರ್ತವೆ. ನಂಬರ್ ಕಂಪ್ಯೂಟರೇ ಕೊಡತ್ತೆ. ಒಬ್ಬರಿಗೆ ಕೊಟ್ಟದ್ದನ್ನ ಇನ್ನೊಬ್ಬರಿಗೆ ಕೊಡಲ್ಲ. ಅವರು ಹೋದರೂ ಕೊಡಲ್ಲ.”

“ಹಾಗಾದರೆ ಒಂದನೇ ನಂಬರ್ ನಿನಗೇ,” ಅಂದಳು ಅಮ್ಮ. “ಬಾ, ಅಳೀತೀನಿ. ಆ ನೀಲಿ ಉಣ್ಣೆ ಬಟ್ಟೆಯಲ್ಲಿ ನಿನಗೊಂದು ಕೋಟು ಹೊಲೀತೀನಿ. ಆ ತೆಳು ಸ್ವೆಟರ್‌ನಲ್ಲಿ ನಡುಗ್ತಾ ಕ್ಲಾಸಿಗೆ ಹೋಗ್ತೀಯ.”

ನೀಲಿ ಬಟ್ಟೆ! ಆರು ತಿಂಗಳಿಂದ ಇಂಚು ಅದನ್ನು ದಿನಕ್ಕೊಂದು ಸಲ ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದಳು. ಬಾಯಿಬಿಟ್ಟು ಕೇಳಿರಲಿಲ್ಲ. ಅಮ್ಮನಿಗೆ ತಾನಾಗಿಯೇ ಗೊತ್ತಾಗಬೇಕು ಅಂತ ಕಾದಿದ್ದಳು.

“ಮತ್ತೆ ನಾನು? ನನ್ನ ನಂಬರ್ ಎಷ್ಟು?”

“ನೀನೇನು ಗಿರಾಕಿಯಾ?” ಅಮ್ಮ ನಕ್ಕಳು. “ಬಾ ಬಾ, ಬರ್ಕೋ. ಭುಜ...”

“ಅವಳೇ ಟೈಪ್ ಮಾಡಿಕೊಳ್ಳಲಿ. ಎಲ್ಲ ಬರತ್ತಲ್ಲ ಅವಳಿಗೆ.” ಇಂಚು ಗೋಡೆ ಕಡೆ ತಿರುಗಿ, ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕೂತಳು. ಅಮ್ಮ ಕೂಗಿದ ಒಂದು ಅಳತೆಯೂ ಅವಳ ಕಿವಿಗೆ ಬೀಳಲಿಲ್ಲ. ಅಕ್ಕ ಒಂದೊಂದನ್ನೂ ಕೇಳಿಕೊಂಡು ನೇರವಾಗಿ ಕಂಪ್ಯೂಟರಿಗೆ ಹಾಕಿದಳು.

ಹದಿನೈದು ದಿನ ಅಕ್ಕ ದಿನವೂ ಸಂಜೆ ಕೂತಳು. ನೋಟ್‌ಬುಕ್ ಪುಟ ಪುಟವಾಗಿ ಖಾಲಿಯಾಯಿತು. ಪೋಸ್ಟ್‌ಮ್ಯಾನ್ ಮಾವ, ಬ್ಯಾಂಕ್ ಮೇಡಂ, ಅವಳಿ ಮಕ್ಕಳ ಅಜ್ಜಿ... ಅಕ್ಕನೂ ಸೇರಿ ಎಂಬತ್ತಾರು ಜನ. “ಜಾಣೆ ಕಣೇ,” ಅಂತ ಅಮ್ಮ ಅಂದದ್ದೆಷ್ಟು ಸಲ? ಇಂಚು ಎಣಿಸಿದ್ದಳು. ಇಪ್ಪತ್ಮೂರು.

ಶನಿವಾರ ಅಮ್ಮ ಹೊಲಿದ ಬಟ್ಟೆ ಕೊಡೋಕೆ ಹೋಗಿದ್ದಳು. ಅಕ್ಕ ಕ್ಲಾಸಿಗೆ. ಇಂಚು ಒಬ್ಬಳೇ. ಕಂಪ್ಯೂಟರ್ ಹಚ್ಚಿದಳು. ಪಟ್ಟಿಯ ತಲೆಯ ಮೇಲೆ ರಾಣಿಯ ಹಾಗೆ ಕೂತಿತ್ತು: 1, ಅಕ್ಕ.

ಸಾಲು ಹಿಡಿದಳು. ಡಿಲೀಟ್ ಒತ್ತಿದಳು.

ಕಂಪ್ಯೂಟರ್ ಸುಮ್ಮನೆ ಅಳಿಸಲಿಲ್ಲ. ಕೇಳಿತು. ಇದಕ್ಕೆ ಸೇರಿದ ಬೇರೆ ಟೇಬಲ್ಲಿನ ಸಾಲುಗಳೂ ಹೋಗುತ್ತವೆ, ಆಮೇಲೆ ವಾಪಸ್ ತರೋಕಾಗೋದಿಲ್ಲ, ಸರೀನಾ?

ಇಂಚು ಎರಡು ಸಲ ಓದಿದಳು. ಹೌದು ಅಂತ ಒತ್ತಿದಳು.

ಮಧ್ಯಾಹ್ನ ಬಂದ ಅಕ್ಕ ಚಪ್ಪಲಿ ಬಿಚ್ಚಿ ನೇರ ಕಂಪ್ಯೂಟರ್ ಮುಂದೆ ಕೂತಳು.

“ಇಂಚು, ಪಟ್ಟಿ ಯಾಕೆ ಎರಡರಿಂದ ಶುರುವಾಗ್ತಿದೆ?”

“ನಂಗೇನು ಗೊತ್ತು?”

“ಅಳಿಸೋ ಮುಂಚೆ ಅದು ಕೇಳತ್ತೆ. ನೀನು ಹೌದು ಅಂದೆಯಾ?”

“ಹೌದು ಅಂದೆ! ನೂರು ಸಲ ಹೌದು!” ಇಂಚು ಗಂಟಲು ಹರಿಯೋ ಹಾಗೆ ಕಿರುಚಿದಳು. “ಇದು ನಮ್ಮನೆ. ಅವಳು ನಮ್ಮಮ್ಮ. ನಿನಗೆ ಬೇರೆ ಮನೆ ಇಲ್ವಾ? ಬೇರೆ ಅಮ್ಮ ಇಲ್ವಾ? ಹೋಗು!”

ಅಕ್ಕ ತಿರುಗಿ ಬೈಯುತ್ತಾಳೆ, ಜುಟ್ಟು ಹಿಡಿದು ಎಳೆಯುತ್ತಾಳೆ ಅಂತ ಇಂಚು ಕಾದಳು. ಅದಕ್ಕೆ ಅವಳು ಸಿದ್ಧಳಾಗಿದ್ದಳು. ಅಕ್ಕ ಬೈಯಲಿಲ್ಲ. ಒಳಗೆ ಹೋಗಿ ಬಟ್ಟೆಗಳನ್ನು ಬ್ಯಾಗಿಗೆ ತುಂಬಿದಳು. ಬಂದು ಹಳೇ ನೋಟ್‌ಬುಕ್ ಮೇಜಿನ ಮೇಲಿಟ್ಟಳು. ಅದಕ್ಕೆ ನೀಟಾಗಿ ಬೈಂಡ್ ಹಾಕಿಸಿದ್ದಳು.

“ನರ್ಸ್ ಮೇಡಂ ಅಳತೆ ಮಾತ್ರ ಉಳಿದಿದೆ. ನೀನು ಹಾಕು. ನಿನಗೆ ಬರತ್ತೆ,” ಅಂದಳು.

ತೆಳು ಸ್ವೆಟರ್ ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿ, ಮೆಟ್ಟಿಲಿಳಿದು ಹೋದಳು. ಇಂಚು ಕಿಟಕಿಯಿಂದ ನೋಡಿದಳು. ಅಕ್ಕ ಒಂದು ಸಲವೂ ಹಿಂದೆ ತಿರುಗಲಿಲ್ಲ.

ಸಂಜೆ ಅಮ್ಮ ಫೋನ್ ಮಾಡಿದಳು. “ಹಾಸ್ಟೆಲ್ ಕ್ಲಾಸಿಗೆ ಹತ್ತಿರ ಚಿಕ್ಕಮ್ಮ” ಅಂತಷ್ಟೇ ಉತ್ತರ ಬಂತು. ಇಂಚು ಹೆಸರು ಆ ಕಡೆಯಿಂದ ಬರಲೇ ಇಲ್ಲ. ಮುಂದಿನ ಭಾನುವಾರ ಬರ್ತಾಳೆ ಅಂತ ಅಮ್ಮ ಕಾದಳು. ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಬೆಳಿಗ್ಗೆ ಬಾಯಿಬಿಟ್ಟರೆ ಹೊಗೆ ಬರುವಷ್ಟು ಚಳಿ ಶುರುವಾಯಿತು. ಒಂದು ದಿನ ಅಮ್ಮ ನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು. ಚಾಕ್ ಕೈಗೆ ತೆಗೆದುಕೊಂಡಳು.

“ಕೋಟು ಹೊಲಿದು ಕಳಿಸಿಬಿಡೋಣ. ಪಾಪ, ನಡುಗ್ತಾ ಇರ್ತಾಳೆ. ಅಕ್ಕನ ಅಳತೆ ಹೇಳು ಇಂಚು.”

ಇಂಚು ಕಂಪ್ಯೂಟರ್ ಹಚ್ಚಲಿಲ್ಲ. ನಿಂತೇ ಇದ್ದಳು.

“ಇಲ್ಲ ಅಮ್ಮ.”

“ಇಲ್ಲ ಅಂದ್ರೆ?”

“ನಾನು ಅಳಿಸಿದೆ. ಅದಕ್ಕೇ ಅವಳು ಹೋದದ್ದು. ನಾನೇ ಹೋಗು ಅಂದೆ.”

ಅಮ್ಮ ಚಾಕ್ ಕೆಳಗಿಟ್ಟಳು. ಆಮೇಲೆ ಹಾಸ್ಟೆಲ್ಲಿಗೆ ಫೋನ್ ಮಾಡಿದಳು. “ಒಂದು ಗಳಿಗೆ ಬಂದು ಹೋಗೇ, ಅಳತೆ ತಗೋಬೇಕು.” ಆ ಕಡೆಯಿಂದ ಬಂದ ಮಾತು ಇಂಚುಗೂ ಕೇಳಿಸಿತು.

“ಕೋಟು ಬೇಡ ಚಿಕ್ಕಮ್ಮ. ಇಲ್ಲಿ ಅಷ್ಟೇನೂ ಚಳಿ ಇಲ್ಲ.”

ಅದೇ ಊರು. ಅದೇ ಚಳಿ.

“ಅಮ್ಮ, ಅಂದಾಜಿನ ಮೇಲೆ...”

“ಅಂದಾಜಿನ ಮೇಲೆ ನಾನು ಕತ್ತರಿ ಹಾಕಲ್ಲ.” ಅಮ್ಮ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚಿದಳು. ಒಂದು ಕ್ಷಣ ಯೋಚಿಸಿ ಇಂಚು ಕಡೆ ಚಾಚಿದಳು. “ತಗೋ. ನಿನಗೆ ಬೇಕಿತ್ತಲ್ಲ. ನಿನಗೇ ಹೊಲೀತೀನಿ.”

ಅಮ್ಮನಿಗೆ ಗೊತ್ತಿತ್ತು! ಮೊದಲಿಂದಲೂ ಗೊತ್ತಿತ್ತೋ, ಈಗ ಗೊತ್ತಾಯಿತೋ, ಇಂಚು ಕೇಳಲಿಲ್ಲ. ಬಟ್ಟೆಗೆ ಕೈ ಚಾಚಲೂ ಇಲ್ಲ. ತಲೆ ಅಲ್ಲಾಡಿಸಿದಳು. ಅಮ್ಮ ಅದನ್ನು ಬೀರುವಿನ ಮೇಲಿನ ಅರೆಗೆ ಎತ್ತಿಟ್ಟು ಒಳಗೆ ಹೋದಳು.

ಇಂಚು ಕಂಪ್ಯೂಟರ್ ಮುಂದೆ ಕೂತಳು. ಕೊನೆಯ ಸಾಲಿನಲ್ಲಿ 87, ನರ್ಸ್ ಮೇಡಂ. ಅದು ಅವಳೇ ಹಾಕಿದ್ದು, ಒಂದೂ ತಪ್ಪಿಲ್ಲದೆ. ಅದರ ಕೆಳಗೆ ನಿಧಾನವಾಗಿ ಟೈಪ್ ಮಾಡಿದಳು: ಅಕ್ಕ.

ಕಂಪ್ಯೂಟರ್ ತಾನಾಗಿ ನಂಬರ್ ಕೊಟ್ಟಿತು. 88.

ಪಟ್ಟಿಯನ್ನು ಮೇಲಕ್ಕೆ ಸರಿಸಿದಳು. ಎಲ್ಲಕ್ಕಿಂತ ಮೇಲೆ ಎರಡು ಇತ್ತು. ಆಮೇಲೆ ಅಳತೆಗಳ ಟೇಬಲ್ ತೆಗೆದು, ನಂಬರಿನ ಜಾಗದಲ್ಲಿ 88 ಹಾಕಿದಳು. ಭುಜ ಅನ್ನೋ ಕಡೆ ಬಂದು ಬೆರಳು ನಿಂತಿತು.

ಆ ದಿನ ಅಮ್ಮ ಕೂಗಿದ್ದಳು. ಇದೇ ಕೋಣೆಯಲ್ಲಿ, ಜೋರಾಗಿಯೇ ಕೂಗಿದ್ದಳು. ಇಂಚು ಕಣ್ಣುಮುಚ್ಚಿ ನೆನಪಿಸಿಕೊಳ್ಳೋಕೆ ನೋಡಿದಳು. ಕಂಡದ್ದು ಗೋಡೆ ಮಾತ್ರ.