ಒಂದು ಗಂಟೆ ತಡವಾಗಿ ಬಂದವಳು

ಆನ್‌ಲೈನ್ ಎಂ.ಎ.ಯ ಮೊದಲ ತರಗತಿಯಲ್ಲೇ ಬಹೀಜಾ ಅವನ ಮೇಲೆ ಹರಿಹಾಯ್ದಿದ್ದಳು.

ವಿಷಯ, ವಯಸ್ಕರ ಶಿಕ್ಷಣ ಮತ್ತು ಜಾಗತೀಕರಣ. ಟುನೀಶಿಯಾದ ಮೊನ್ಸೆಫ್, ವಯಸ್ಸಾದವರಿಗೂ ಮೊದಲು ಇಂಗ್ಲಿಷ್ ಕಲಿಸಬೇಕು ಎಂದಿದ್ದ.

"ನಮ್ಮ ಊರು ಸೆಫ್ರೂಗೆ ಬಂದು ಹೇಳಿ ನೋಡೋಣ. ದೂರದೇಶದಲ್ಲಿರೋ ಮಗ ಕಳಿಸಿದ ಎರಡು ಸಾಲು ಓದ್ಬೇಕು ಅಂತ ತಾಯಂದಿರು ನನ್ನ ಹತ್ರ ಅಕ್ಷರ ಕಲಿಯೋಕೆ ಬರ್ತಾರೆ. ಅವರಿಗೆ ಇಂಗ್ಲಿಷ್ ಯಾಕೆ?"

ಪರದೆಯಲ್ಲಿ ಅವನು ತಲೆದೂಗಿದ. "ನಾನು ಹೇಳಿದ್ದು ತಪ್ಪು," ಎಂದ.

ಅಷ್ಟು ಜನರೆದುರು ಹಾಗೆ ಒಪ್ಪಿಕೊಳ್ಳುವ ಗಂಡಸೂ ಇರುತ್ತಾನೆಯೇ! ಅವಳ ಮನಸ್ಸು ಅಂದೇ ಅತ್ತ ವಾಲಿತು. ಆ ತಾಯಂದಿರ ಬಗ್ಗೆಯೇ ಇಬ್ಬರೂ ಸೇರಿ ಪ್ರಬಂಧ ಬರೆದರು. ಪ್ರಬಂಧದ ಮಾತು ಮುಗಿದ ಮೇಲೂ ಫೋನಿನ ಮಾತು ಮುಗಿಯುತ್ತಿರಲಿಲ್ಲ.

ಮಂಡಿಸುವ ದಿನ ರಂಜಾನಿನ ಮೊದಲ ವಾರದಲ್ಲಿ ಬಂತು. ಮಸೀದಿಯ ಪಕ್ಕದ ಕೋಣೆಯಲ್ಲಿ ತಾಯಂದಿರಿಗೆ ಪಾಠ ಮುಗಿಸಿ, ಓಡೋಡಿ ಮನೆಗೆ ಬಂದು, ಗೊತ್ತು ಮಾಡಿದ್ದ ನಾಲ್ಕು ಗಂಟೆಗೆ ಸರಿಯಾಗಿ ಲ್ಯಾಪ್‌ಟಾಪ್ ತೆರೆದಳು.

ಮೊನ್ಸೆಫ್ ಎಲ್ಲರಿಗೂ ವಂದನೆ ಹೇಳುತ್ತಿದ್ದ. ಪ್ರಬಂಧ ಮಂಡನೆ ಮುಗಿದೇ ಹೋಗಿತ್ತು.

ತನ್ನನ್ನು ಬಿಟ್ಟು... ಒಬ್ಬನೇ!

ಪಾಠಕ್ಕೆಂದು ಸದ್ದಡಗಿಸಿದ್ದ ಫೋನಿನ ತುಂಬ ಅವನ ಕರೆಗಳಿದ್ದವು. ತಪ್ಪು ಮಾಡಿ ಈಗ ಸಮಜಾಯಿಷಿ ಕೊಡಲು ಹೊರಟಿದ್ದಾನೆ ಅಂದುಕೊಂಡಳು. 'ನನ್ನ ಕೆಲಸ ಕದ್ದಿರಿ. ಇನ್ನು ಮಾತು ಬೇಡ' ಎಂದು ಬರೆದು ಅವನ ನಂಬರನ್ನೇ ಬ್ಲಾಕ್ ಮಾಡಿದಳು.

ಮೂರು ದಿನ ಉಪವಾಸ ಬಿಡುವಾಗಲೂ ಸೂಪನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಓದನ್ನೇ ಬಿಟ್ಟುಬಿಡುತ್ತೇನೆ ಎಂದು ಅಮ್ಮನಿಗೆ ಹೇಳಬೇಕೆಂದು ಅಡುಗೆಮನೆಗೆ ಹೋದರೆ, ಅಮ್ಮ ಬೆಲ್ಜಿಯಂನಲ್ಲಿರುವ ಮಗನ ಮೇಲೆ ಗೊಣಗುತ್ತಿದ್ದರು.

"ರಂಜಾನ್ ಬಂತಂದ್ರೆ ಡ್ರಿಸ್‌ಗೆ ಲೆಕ್ಕವೇ ತಪ್ಪುತ್ತೆ. ಈ ತಿಂಗಳು ನಾವು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿರ್ತೀವಿ, ಬೇರೆ ದೇಶದೋರು ತಿರುಗಿಸ್ತಾರಾ? ಅವನಿಗೆ ಐದಾದ್ರೆ ನಮಗಿನ್ನೂ ನಾಲ್ಕು. ನನ್ನ ಕೈ ಹಿಟ್ಟಲ್ಲಿರೋವಾಗ್ಲೇ ಫೋನು!"

ಬಹೀಜಾ ನಿಂತಲ್ಲೇ ಲೆಕ್ಕ ಹಾಕಿದಳು. ಟುನೀಶಿಯಾದಲ್ಲೂ ಯಾರೂ ಗಡಿಯಾರ ತಿರುಗಿಸುವುದಿಲ್ಲ. ತನ್ನ ನಾಲ್ಕು ಗಂಟೆಗೆ ಅಲ್ಲಿ ಐದಾಗಿತ್ತು!

ಎಂಥ ಮಾತು ಬರೆದುಬಿಟ್ಟೆ... ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಕೋಣೆಗೆ ಹೋಗಿ ಬ್ಲಾಕ್ ತೆಗೆದು ಕರೆ ಮಾಡಿದಳು.

"ತಪ್ಪು ನಂದು ಮೊನ್ಸೆಫ್. ಗಡಿಯಾರ ಹಿಂದೆ ಹೋಗಿದ್ದು ನನ್ನ ತಲೇಲೇ ಇರಲಿಲ್ಲ. ನಾನೇ ತಡ ಮಾಡಿ ನಿಮ್ಮನ್ನ ಕಳ್ಳ ಅಂದೆ."

ಅವನು, ನೀವು ಬರುತ್ತೀರೆಂದು ಪ್ರೊಫೆಸರರನ್ನೂ ಕಾಯಿಸಿದೆ, ಕೊನೆಗೆ ನಿಮ್ಮ ಹೆಸರು ಹೇಳಿಯೇ ಓದಿದೆ, ಪ್ರಶ್ನೆಗಳಿಗೆ ನೀವೇ ಉತ್ತರಿಸಲೆಂದು ಮುಂದಿನ ವಾರ ಸಮಯ ಕೇಳಿಕೊಂಡಿದ್ದೇನೆ ಎಂದ. ಅವಳು ಅತ್ತೇಬಿಟ್ಟಳು.

"ಇಷ್ಟಾದ್ರೂ ನನಗೆ ಒಂದು ಮಾತೂ ಅನ್ನಲಿಲ್ಲವಲ್ಲ?"

"ಅನ್ನೋಕೆ ನಂಬರ್ ಎಲ್ಲಿ ಬಿಟ್ಟಿದ್ರಿ?"

ಅಳುವಿನ ನಡುವೆ ನಗು ಬಂತು. "ಅಷ್ಟು ಸಂಕಟ ಆಗಿದ್ದು ಪ್ರಬಂಧಕ್ಕಲ್ಲ. ನೀವು ಹಾಗೆ ಮಾಡಿದ್ರಲ್ಲ ಅಂತ... ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ನೋಯ್ತಿರಲಿಲ್ಲ."

ಅವನು ಮೆಲ್ಲಗೆ ಕೇಳಿದ. "ಹಬ್ಬ ಮುಗಿದ ಮೇಲೆ ಸೆಫ್ರೂಗೆ ಬಂದು ನಿಮ್ಮ ಅಮ್ಮನ್ನ ಕಾಣಲಾ?"

ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ ಅಮ್ಮ ಏನೋ ಅಂದರು.

"ಹಬ್ಬ ಮುಗಿಯೋತನಕ ಯಾಕೆ, ಹಬ್ಬಕ್ಕೇ ಬರಲಿ ಅಂತಿದ್ದಾರೆ ಅಮ್ಮ."

"ನೀವೇನಂತೀರಿ?"

"ನಾನೂ ಅದನ್ನೇ ಅಂತೀನಿ," ಎಂದಳು ಬಹೀಜಾ.