ಗೋಡೆ ದಾಟಿದ ಗಾಲಿ

ಕೋಟೆಯ ಬಾಗಿಲಲ್ಲೇ ನನ್ನ ಗಂಡ ಲ್ಯಾಂಟಿ ಬೋರಲು ಬಿದ್ದಿದ್ದ. ತಲೆಯ ಹಿಂದೆ ರಕ್ತ. ಒಳಗಿದ್ದ ರೋಮನ್ನರ ಪೂಜೆಯ ಕಲ್ಲು, ಜಲದೇವತೆಯನ್ನು ಕೆತ್ತಿದ್ದ ಆ ಭಾರದ ಕಲ್ಲು, ಮಾಯವಾಗಿತ್ತು.

ಲ್ಯಾಂಟಿ ರೋಮನ್ನರ ಕಾಲದ ಹಾರ್‌ಕ್ರ್ಯಾಗ್ ಕೋಟೆಯ ಕಾವಲುಗಾರ. ಸಂಜೆ ಬೀಗ ಹಾಕಿ ಬರುವವನು ಬರಲಿಲ್ಲವೆಂದು ನಾನೇ ಮಂಜಿನಲ್ಲಿ ಹುಡುಕಿಕೊಂಡು ಹೋಗಿದ್ದೆ. ಯಾರೋ ತಳ್ಳುಗಾಡಿ ದೂಡಿಕೊಂಡು ಹೋಗುತ್ತಿದ್ದರು. ಬೆನ್ನು ಮಾತ್ರ ಕಂಡಿತು. ಅಷ್ಟರಲ್ಲಿ ಲ್ಯಾಂಟಿ ಕಾಲಿಗೆ ತೊಡರಿದ. ಗಂಟಲು ಹರಿದುಹೋಗುವ ಹಾಗೆ ಕೂಗಿಕೊಂಡೆ. ಯಾರೂ ಬರಲಿಲ್ಲ.

ಬೆಳಿಗ್ಗೆ ನೋಡಿದರೆ ಇನ್ನೊಂದು ವಿಚಿತ್ರ. ಗಾಲಿಯ ಗುರುತು ಕೋಟೆಯಿಂದ ನೇರ ಹೊಲದ ಕಲ್ಲುಗೋಡೆಗೆ ಹೋಗಿ ನಿಂತಿತ್ತು. ಗೋಡೆಯ ಆಚೆ ಅದೇ ಗುರುತು ಮತ್ತೆ ಶುರುವಾಗಿ, ರಸ್ತೆ ಸೇರಿ ಅಳಿಸಿಹೋಗಿತ್ತು. ನಡುವೆ ಗೋಡೆ ಎದೆಯೆತ್ತರಕ್ಕೆ ಗಟ್ಟಿಯಾಗಿ ನಿಂತಿತ್ತು. ಸತ್ತ ರೋಮನ್ ಸಿಪಾಯಿಗಳು ತಮ್ಮ ದೇವರನ್ನು ಒಯ್ದರು ಎಂದು ಊರವರು ಪಿಸುಗುಟ್ಟಿದರು. ಪೊಲೀಸರು ಮಾತ್ರ ಲಂಡನ್ನಿನ ವೇಲ್ ಎಂಬಾತನನ್ನು ಹಿಡಿದು ಕೂರಿಸಿದರು. ಹಳೆಯ ಕಲ್ಲುಗಳ ಹುಚ್ಚಿನ ಮನುಷ್ಯ, ಅಂದು ಕೋಟೆ ನೋಡಲು ಬಂದವರಲ್ಲಿ ಕೊನೆಯವನು.

ಆಸ್ಪತ್ರೆಯಲ್ಲಿ ಲ್ಯಾಂಟಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಹೊಡೆದವನನ್ನು ಹೆಂಡತಿ ನೆಸ್ಸಾ ನೋಡಿದ್ದಾಳೆ ಅಂತ ಊರೆಲ್ಲ ಸುದ್ದಿ. ಹೊಡೆದವನಿಗೂ ತಲುಪಿರಬೇಕಲ್ಲ? ಮಧ್ಯಾಹ್ನವೇ ಬಾಗಿಲಿಗೆ ಅಗಳಿ ಹಾಕಿಕೊಂಡು ಕೂತೆ. ಎರಡು ಸಲ ಚಹಾ ಚೆಲ್ಲಿದೆ. ಪಕ್ಕದ ಹೊಲದ ಹೆಡ್ಲಿ ತನ್ನ ಜೋಡುನಳಿಗೆ ಕೋವಿ ಹಿಡಿದು ಬಂದು, ನಾನಿರುವಾಗ ಯಾರು ಬರುತ್ತಾರೆ ನೋಡೋಣ ಎಂದಾಗ ಅಳುವೇ ಬಂತು. ಮೂವತ್ತು ವರ್ಷದ ನೆರೆಯವನು, ಲ್ಯಾಂಟಿಯ ಜೊತೆಗಾರ.

"ಮುಖ ಕಾಣಿಸ್ಲೇ ಇಲ್ವಾ, ನೆಸ್ಸಾ?" ಎಂದ. "ಸರಿಯಾಗಿ ನೆನಪು ಮಾಡ್ಕೋ."

ಇಲ್ಲವೆಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದ.

ಅಷ್ಟರಲ್ಲಿ ನನ್ನ ಚಿಕ್ಕಮ್ಮ ಈನಿಡ್ ಬಂದಳು. ಪೊಲೀಸ್ ಕೆಲಸದಿಂದ ನಿವೃತ್ತಳಾದರೂ ಮೂಗು ತೂರಿಸುವುದರಿಂದ ಆಗಿಲ್ಲ. ಬೂಟಿಗೆಲ್ಲ ಹೊಲದ ಕೆಸರು. ಚೆನ್ನಾಗಿದೆಯಲ್ಲಾ ಎನ್ನುತ್ತ ಹೆಡ್ಲಿಯ ಕೋವಿ ಇಸಿದುಕೊಂಡಳು. ತಿರುಗಿಸಿ ನೋಡಿದಳು, ಗುಂಡು ತೆಗೆದು ಜೇಬಿಗೆ ಹಾಕಿಕೊಂಡಳು. ಮನೆಯೊಳಗೆ ಗುಂಡು ತುಂಬಿದ ಕೋವಿ ಯಾಕೆ ಎಂದು ಬೈದಳು ಕೂಡ.

"ಹೆಡ್ಲಿ, ಆ ಗೋಡೆಯ ಈಚೆ, ಕೋಟೆ ಬದಿ ಮೇಯೋ ಕುರಿ ಯಾರದು?"

"ನಂದೇ. ಯಾಕೆ?"

"ಮರಿ ಹಾಕಿದಾವಾ?"

"ಹೂಂ. ಅದಕ್ಕೂ ಕಳ್ಳತನಕ್ಕೂ ಏನು ಸಂಬಂಧ?"

ಚಿಕ್ಕಮ್ಮ ಕುರ್ಚಿ ಎಳೆದು ಬಾಗಿಲಿಗೆ ಅಡ್ಡವಾಗಿ ಕೂತಳು.

"ಆ ಗೋಡೆಗೆ ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು," ಎಂದಳು. "ಗಾಡಿ ಹಿಡಿಸುವಷ್ಟು ಅಗಲಕ್ಕೆ ಮಾತ್ರ ಹೊರಗಿರಬೇಕಾದ ಪಾಚಿ ಮೈ ಒಳಗಡೆ ತಿರುಗಿದೆ. ಗಾಡಿ ದಾಟಿಸೋಕೆ ಬಿಚ್ಚಿದಾನೆ, ದಾಟಿದ ಮೇಲೆ ವಾಪಸ್ ಕಟ್ಟಿದಾನೆ. ಕೆಳಗೆ ದೊಡ್ಡ ಕಲ್ಲು, ನಡುವೆ ಚೂರುಗಲ್ಲು, ಮೇಲೆ ನೆಟ್ಟಗೆ ನಿಲ್ಲಿಸಿದ ಕಲ್ಲು, ಕಟ್ಟೋ ಕ್ರಮ ಒಂದೂ ತಪ್ಪಿಲ್ಲ. ವೇಲ್ ಆಗಿದ್ರೆ ಬಿಚ್ಚಿ ಓಡ್ತಿದ್ದ. ಹಿಂದೆ ಒಬ್ಬ ರಕ್ತ ಸುರಿಸ್ಕೊಂಡು ಬಿದ್ದಿರುವಾಗ, ಸಿಕ್ಕಿಬೀಳೋ ಭಯ ಇರುವಾಗ, ನಿಂತು ಗೋಡೆ ಕಟ್ಟೋನು ಯಾರು? ಕಿಂಡಿ ಬಿಟ್ಟು ಹೋಗೋಕೆ ಕೈಯೇ ಬರದೇ ಇರೋನು. ಅಲ್ಲಿ ಕುರಿ ಇರೋದು ನಿನ್ನೊಬ್ಬನದೇ, ಹೆಡ್ಲಿ. ಪೊಲೀಸರು ನಿನ್ನ ಕೊಟ್ಟಿಗೆ ಹುಲ್ಲು ಸರಿಸಿ ನೋಡಿದ್ರು. ಪೂಜೆ ಕಲ್ಲು ಸಿಕ್ಕಿತಂತೆ."

ಮಧ್ಯಾಹ್ನದಿಂದ ನಾನು ಯಾರ ಎದುರು ಕೂತಿದ್ದೆ? ಮುಖ ಕಂಡಿತು ಎಂದಿದ್ದರೆ?

ಹೆಡ್ಲಿಯ ಕಡೆ ತಿರುಗಿದೆ. "ನಾನು ಕೂಗಿದ್ದು ನಿಂಗೆ ಕೇಳಿಸ್ಲಿಲ್ವಾ?"

ಅವನು ಚಹಾದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ.

"ಕೇಳಿಸ್ತು, ನೆಸ್ಸಾ. ಆದ್ರೆ ಕಿಂಡಿ ಬಿಟ್ಟಿದ್ರೆ ಮರಿಗಳು ಹೊರಗೆ ಹೋಗಿಬಿಡ್ತಿದ್ವು."