ಬಚ್ಚಲುಮನೆಯಲ್ಲಿ ಹೆಣ್ಣು ನೋಡಿದ್ದು

ಹೆಣ್ಣು ನೋಡಲು ಹೋದವರು ಮುಖ ನೋಡುತ್ತಾರೆ, ನಡಿಗೆ ನೋಡುತ್ತಾರೆ, ತೀರಾ ಹಳೇ ಕಾಲದವರಾದರೆ ಜಡೆಯ ಉದ್ದ ನೋಡುತ್ತಾರೆ. ನಾನು ನೋಡಿದ್ದು ಮೊಣಕೈವರೆಗೆ ಸೋಪಿನ ನೊರೆ ಮೆತ್ತಿಕೊಂಡ ಎರಡು ಕೈಗಳನ್ನು. ಅವತ್ತಿನಿಂದ ನಾನು ನೆಟ್ಟಗೆ ಊಟ ಮಾಡಿಲ್ಲ ಎಂದು ನಮ್ಮವ್ವ ಇವತ್ತಿಗೂ ಆಡಿಕೊಳ್ಳುತ್ತಾಳೆ.

ನನ್ನ ಹೆಸರು ಹಾಲೇಶ. ಮಾನ್ವಿಯಲ್ಲಿ ನಮ್ಮದು ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಎಣ್ಣೆ ಎಂದರೆ ಅಡುಗೆಯದಲ್ಲ, ಹತ್ತಿಗೆ, ಮೆಣಸಿನಗಿಡಕ್ಕೆ ಹೊಡೆಯುವ ಕೀಟನಾಶಕ. ನಮ್ಮ ಕಡೆ ಅದಕ್ಕೂ ಎಣ್ಣೆ ಎಂದೇ ಹೆಸರು. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಹಿಡಿಯದ ಬಾಟಲಿಗಳೆಲ್ಲ ನಮ್ಮ ನಡುಮನೆಗೆ ಬಂದು ನೆಂಟರ ಹಾಗೆ ಠಿಕಾಣಿ ಹೂಡುತ್ತಿದ್ದವು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ನನ್ನ ಕೈಗೆ ಬಂತು, ನನ್ನ ಮದುವೆಯ ಚಿಂತೆ ಅವ್ವ ಬಾಲಮ್ಮನ ತಲೆಗೇರಿತು.

ಹುಡುಗಿ ಶೈಲಶ್ರೀ. ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ ಕುರಿ ಸಾಕುವ ಬೂದೆಪ್ಪನವರ ಮಗಳು. ರಾಯಚೂರಿನ ಕ್ಲಿನಿಕ್ಕೊಂದರಲ್ಲಿ ನಾಯಿ, ಬೆಕ್ಕುಗಳ ಡಾಕ್ಟರ್.

"ನಾಯಿ ಬೆಕ್ಕಿಗೆ ಡಾಕ್ಟರ್ ಅಂದ್ರ ಚಲೋ ಆತು ಬಿಡು," ಎಂದಳು ಅವ್ವ ದಾರಿಯಲ್ಲಿ. "ನಿನ್ನಂಥಾ ಮೂಕಪ್ರಾಣಿ ಅಕಿ ಕೈಯಾಗ ಸುಧಾರಿಸ್ತದ."

ಬೂದೆಪ್ಪನವರ ಅಂಗಳದಲ್ಲಿ ಜಮಖಾನೆ ಹಾಸಿತ್ತು. ಶೈಲಶ್ರೀ ಮಂಡಾಳ ಒಗ್ಗರಣೆ, ಮಿರ್ಚಿಯ ತಾಟು ಹಿಡಿದು ಬಂದಳು. ಹಸಿರು ಸೀರೆ, ಬಗ್ಗಿಸಿದ ತಲೆ, ಶಾಸ್ತ್ರಕ್ಕೆ ಬೇಕಾದಷ್ಟು ನಾಚಿಕೆ. ನಾನು ಕದ್ದು ನೋಡಬೇಕು ಎನ್ನುವಷ್ಟರಲ್ಲಿ ಅವಳೇ ತಟ್ಟನೆ ತಲೆ ಎತ್ತಿದಳು. ನೋಡಿದ್ದು ನನ್ನನ್ನಲ್ಲ, ನನ್ನ ಹಿಂದಿನ ಕಂಬವನ್ನು.

ಕಂಬದ ಬುಡದಲ್ಲಿ ಮನೆಯ ಬೆಕ್ಕು ನಿಂತಿತ್ತು. ಮೈಯೆಲ್ಲ ಒದ್ದೆ. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಕಿವಿಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಎರಡು ಹೆಜ್ಜೆ ಇಡಲು ಹೋಗಿ ಪಕ್ಕಕ್ಕೆ ಬಿದ್ದು ನಡುಗತೊಡಗಿತು.

"ಚಳಿ ಹತ್ತ್ಯಾದ ಚೆನ್ನಿಗೆ," ಎಂದಳು ಶೈಲಶ್ರೀಯ ಅಜ್ಜಿ ಬಂಡೆಮ್ಮ. "ಈಗರೆ ಮೈ ತೊಳ್ದೀನಿ."

"ಯಾತರಾಗ ತೊಳದಿ ಆಯಿ?"

"ನಿನ್ನಿ ಕುರಿಗೆ ಹಾಕಿದ್ದ ಔಷಧದ ನೀರು ಉಳದಿತ್ತಲ್ಲ, ಅದರಾಗ. ಬೀಗರ ಮುಂದ ಉಣ್ಣಿ ಉದುರಬಾರದಲ್ಲ."

ತಾಟು ನನ್ನ ಕೈಗೆ ಬಂತು. ಸೀರೆಯ ಸೆರಗು ಸೊಂಟಕ್ಕೆ ಹೋಯಿತು. ನಾಚಿಕೆ ಎಲ್ಲಿಗೆ ಹೋಯಿತೋ ದೇವರೇ ಬಲ್ಲ.

"ಉಗುರು ಬೆಚ್ಚಗಿನ ನೀರು ತರ್ರಿ, ಕುದಿಯೋದು ಬ್ಯಾಡ. ಪಾತ್ರಿ ತೊಳಿಯೋ ಸೋಪು ತರ್ರಿ. ಯಾರರ ಒಬ್ರು ಬಂದು ಹಿಡೀರಿ!"

ಬೀಗರ ಎದುರು ಬೂದೆಪ್ಪನವರು ಏಳಲೋ ಕೂರಲೋ ಎಂದು ಒದ್ದಾಡುತ್ತಿದ್ದರು. ನಾನು ತಾಟನ್ನು ಅವ್ವನ ಮಡಿಲಲ್ಲಿಟ್ಟು ಎದ್ದೆ. "ಲೇ, ಹೊಸ ಅಂಗಿ!" ಎಂದು ಅವ್ವ ಕೂಗಿದ್ದು ಕೇಳಿಸಿತು, ಆದರೆ ಅಷ್ಟರಲ್ಲಿ ಬೆಕ್ಕನ್ನು ಎತ್ತಿಕೊಂಡು ಹೋದ ಶೈಲಶ್ರೀಯ ಹಿಂದೆ ನಾನು ಬಚ್ಚಲು ಸೇರಿದ್ದೆ.

ಅವಳು ತನ್ನ ಡಾಕ್ಟರ್ ಬ್ಯಾಗಿನಿಂದ ಕೈಗವಸು ತೆಗೆದು ಹಾಕಿಕೊಂಡು ನನಗೂ ಒಂದು ಜೊತೆ ಕೊಟ್ಟಳು. "ಒತ್ತಿ ಹಿಡಿಬ್ಯಾಡ್ರಿ. ಕೂಸನ್ನ ಹಿಡಿದಂಗ ಹಿಡೀರಿ."

"ಕೂಸು ಹಿಡಿದು ರೂಢಿ ಇಲ್ಲ ರೀ."

"ಇವತ್ತು ಕಲೀರಿ."

ಬೂದೆಪ್ಪನವರು ಬಾಗಿಲಲ್ಲಿ ಬಂದು ನಿಂತರು. "ಶೈಲಾ, ಹುಣಸಿಹಣ್ಣಿನ ನೀರು ಕುಡಿಸೂನೇನು? ಕಾರಿಕೊಂಡ್ರ ಎಲ್ಲಾ ಹೋಗ್ತದ."

"ಬ್ಯಾಡ ಯಪ್ಪಾ. ಬಾಯಾಗ ಏನೂ ಹಾಕಬ್ಯಾಡ್ರಿ. ನಡುಗೋ ಜೀವ ಅದು, ಉಸಿರಿನಾಗ ಸಿಕ್ಕೊಳ್ತದ. ವಿಷ ಇರೋದು ಮೈಮ್ಯಾಲ. ಕುರಿ ತಡಕೊಳ್ತದ, ಬೆಕ್ಕಿಗೆ ಇದು ಅರಗಂಗಿಲ್ಲ. ಮ್ಯಾಲ ನೆಕ್ಕೊಂಡ್ರಂತೂ ಮುಗೀತು."

ಅವಳ ಬೆರಳುಗಳು ಆ ಸಣ್ಣ ಮೈಯ ಕೂದಲಿನೊಳಗೆ ಬುಡದಿಂದ ತುದಿಗೆ ಓಡಾಡುತ್ತಿದ್ದವು. ಅವಸರ ಇತ್ತು, ಗಾಬರಿ ಇರಲಿಲ್ಲ. ಮೂಗಿನ ತುದಿಗೆ ಒಂದಿಷ್ಟು ನೊರೆ ಅಂಟಿತ್ತು. ಅದನ್ನು ಒರೆಸಬೇಕು ಎಂದು ನನ್ನ ಕೈಗೆ ಎಷ್ಟು ಆಸೆಯಾಯಿತೆಂದರೆ, ಬೆಕ್ಕನ್ನು ಹಿಡಿದಿದ್ದೇ ಒಳ್ಳೆಯದಾಯಿತು.

ಗೋಡೆಯ ಪಕ್ಕದಲ್ಲಿದ್ದ ಔಷಧದ ಬಾಟಲಿಯನ್ನು ಅವಳು ತಿರುಗಿಸಿ ಓದಿದಳು. ನಾನು ಮಾತಾಡಬೇಕಲ್ಲ ಎಂದು ಮಾತಾಡಿದೆ. "ಇದು ನಮ್ಮ ಅಂಗಡ್ಯಾಗೂ ಅದ ರೀ."

ಆಗ ಮೊದಲ ಸಲ ಅವಳು ನನ್ನನ್ನು ಪೂರ್ತಿ ನೋಡಿದಳು. ದೊಡ್ಡ, ನಿಚ್ಚಳ ಕಣ್ಣು. ಸುಳ್ಳು ಹೇಳಲು ಬಿಡದಂಥ ಕಣ್ಣು.

"ಬೆಕ್ಕಿಗೆ ಹಾಕಬ್ಯಾಡ್ರಿ ಅಂತ ಹೇಳಿ ಮಾರ್ತೀರೇನು?"

"ಯಾರೂ ಕೇಳಂಗಿಲ್ಲ ರೀ."

"ಕೇಳದಿದ್ರೂ ಹೇಳಬೇಕು. ಸ್ಟಾಕ್ ಎಲ್ಲಿ ಇಡ್ತೀರಿ?"

"ನಡುಮನ್ಯಾಗ," ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಬ್ಯಾಗಿನಿಂದ ಇಂಜೆಕ್ಷನ್ ತೆಗೆದು ಬೆಕ್ಕಿಗೆ ಚುಚ್ಚಿದಳು. ಚೆನ್ನಿಯನ್ನು ಒಣ ಟವೆಲ್ಲಿನಲ್ಲಿ ಸುತ್ತಿ, ಗದ್ದಲವಿಲ್ಲದ ಕೋಣೆಯಲ್ಲಿ ಮಲಗಿಸಿದಳು. ನಡುಕ ನಿಧಾನಕ್ಕೆ ಕಡಿಮೆಯಾಯಿತು. ಬಂಡೆಮ್ಮ ಮಾತ್ರ ಹೊಸ್ತಿಲಲ್ಲಿ ಕುಸಿದು, "ನಾನ ಕೊಂದೆ ಅದನ್ನ, ಪಾಪಿ ಕೈ ನಂದು," ಎಂದು ಅಳುತ್ತಿದ್ದಳು.

ಈಗಷ್ಟೇ ಮನೆಮಂದಿಗೆಲ್ಲ ಹುಕುಂ ಮಾಡಿದವಳು ಅಜ್ಜಿಯ ಪಕ್ಕದಲ್ಲಿ ಹೋಗಿ ಕೂತಳು. "ಚಂದ ಕಾಣಲಿ ಅಂತ ತೊಳದಿ ಆಯಿ. ನಾನರ ನಿನಗ ಮೊದಲ ಹೇಳಿದ್ದೆನೇನು? ಇನ್ನೂ ಉಸಿರಾಡಾಕತ್ತದ, ಅಳಬ್ಯಾಡ," ಎಂದು ಹೇಳಿ ಆ ಸುಕ್ಕುಗಟ್ಟಿದ ಕೈಗಳಿಗೂ ಸೋಪು ಹಚ್ಚಿ ತೊಳೆದಳು.

ನನಗೆ ಅವಳ ಮೇಲೆ ಮನಸ್ಸು ನಿಂತದ್ದು ಆಗಲೇ. ವಿದ್ಯೆ ಇದ್ದವರನ್ನು ಬೇಕಾದಷ್ಟು ನೋಡಿದ್ದೇನೆ. ತಪ್ಪು ಮಾಡಿದವರ ತಲೆ ಸವರುವಷ್ಟು ದೊಡ್ಡ ಮನಸ್ಸು ಇರುವವರನ್ನು ಅಷ್ಟಾಗಿ ಕಂಡಿರಲಿಲ್ಲ.

ಹೊರಡುವಾಗ ಅವಳು ತಲಬಾಗಿಲಿಗೆ ಬಂದಳು. "ನೀವು ಚಲೋ ಮನಷ್ಯಾರು ಕಾಣ್ತೀರಿ. ಆದ್ರ ನನ್ನ ಜೊತಿ ಗುಂಡ ಬರ್ತದ, ನನ್ನ ನಾಯಿ. ಎಣ್ಣಿ ಬಾಟ್ಲಿ ನಡುಮನ್ಯಾಗ ಇರೋ ಮನೀಗೆ ನಾನು ಬರಂಗಿಲ್ಲ ರೀ. ನಾಯಿ ಮಾತು ಬಿಡ್ರಿ, ನಾಳೆ ಮಕ್ಕಳು ಅಂಬೆಗಾಲು ಇಟ್ಟು..."

ಮಾತು ಅಲ್ಲಿಗೇ ನಿಂತಿತು. ಯಾರ ಮಕ್ಕಳು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವಳ ಮುಖ ಕಿವಿಯವರೆಗೂ ಕೆಂಪೇರಿತು. ಸರಕ್ಕನೆ ಒಳಗೆ ಹೋದಳು.

ಮರುದಿನ ಧೈರ್ಯ ಮಾಡಿ ಫೋನ್ ಮಾಡಿದೆ. "ಚೆನ್ನಿ ಹೆಂಗ ಅದ ರೀ?"

"ಹಾಲು ಕುಡೀತು. ಇನ್ನೂ ಸ್ವಲ್ಪ ಓಲಾಡ್ತದ."

ಅದರ ಮರುದಿನವೂ ಮಾಡಿದೆ. ಚೆನ್ನಿ ಪೂರ್ತಿ ಚೇತರಿಸಿಕೊಂಡು ಗೋಡೆ ಹಾರಿದ ಮೇಲೂ ಮಾಡುತ್ತಿದ್ದೆ. ಕೊನೆಗೊಂದು ದಿನ ಅವಳೇ ನಕ್ಕಳು. "ಬೆಕ್ಕು ಅರಾಮ್ ಅದ ರೀ. ನಿಮಗ ಏನಾಗ್ಯದ?"

ಏನಾಗಿದೆ ಎಂದು ಹೇಳುವ ಧೈರ್ಯ ಇರಲಿಲ್ಲ. ಅದರ ಬದಲು ನಡುಮನೆ ಖಾಲಿ ಮಾಡಿದೆ. ಅಂಗಡಿಯ ಪಕ್ಕದ ಕೋಣೆ ಹಿಡಿದು, ಬಾಟಲಿಗಳನ್ನೆಲ್ಲ ಅಲ್ಲಿಗೆ ಸಾಗಿಸಿ ಬೀಗ ಹಾಕಿದೆ. ಫಿನೈಲು, ಅವ್ವನ ಜ್ವರದ ಗುಳಿಗೆಗಳು ಬಾಗಿಲಿರುವ ಕಪಾಟು ಸೇರಿದವು. ಅಂಥ ಒಂದೇ ಒಂದು ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು ಎಂದು ಫೋನಿನಲ್ಲಿ ಕಲಿತಿದ್ದೆ. ಕುರಿ ಔಷಧ ಕೊಳ್ಳುವವರಿಗೆಲ್ಲ, "ಬೆಕ್ಕಿಗೆ ಮುಟ್ಟಿಸಬ್ಯಾಡ್ರಿ," ಎಂದು ಹೇಳಿಯೇ ಕೊಡತೊಡಗಿದೆ.

"ಇನ್ನೂ ಅಕಿ ಮನಿ ತುಂಬಿಲ್ಲ, ಆಗಲೇ ಮನಿ ಖಾಲಿ ಮಾಡಿಸಾಕತ್ತಾಳ," ಎಂದು ಅವ್ವ ಗೊಣಗಿದಳು.

ಒಂದು ಭಾನುವಾರ ಬೆಳಿಗ್ಗೆ ಬೂದೆಪ್ಪನವರು, ಶೈಲಶ್ರೀ, ಕಂದು ಬಣ್ಣದ ಗುಂಡ, ಮೂವರೂ ಬಂದು ಇಳಿದರು. "ನೀವು ಹೆಣ್ಣು ನೋಡಿದ್ರಿ," ಎಂದಳು ಅವಳು. "ನಾನು ಮನಿ ನೋಡಾಕ ಬಂದೀನಿ."

ಅವಳು ಮನೆ ನೋಡಿದ ರೀತಿಯೇ ಬೇರೆ. ಕುಕ್ಕರುಗಾಲಿನಲ್ಲಿ ಕೂತು, ನಾಯಿಯ ಕಣ್ಣಿನ ಎತ್ತರದಿಂದ ನೋಡಿದಳು. ಮಂಚದ ಕೆಳಗೆ, ಕಪಾಟಿನ ಸಂದಿ, ಒಲೆಕಟ್ಟೆಯ ಮೂಲೆ. ನಾನು ಪರೀಕ್ಷೆಗೆ ಕೂತ ಹುಡುಗನಂತೆ ಹಿಂದೆ ಹಿಂದೆ ಓಡಾಡುತ್ತಿದ್ದೆ. ಅವಳ ಮುಖದಲ್ಲಿ ನಗು ಸಣ್ಣಗೆ ಅರಳತೊಡಗಿತ್ತು.

ಅಷ್ಟರಲ್ಲಿ ಗುಂಡ ಜೋಳದ ಚೀಲದ ಹಿಂದೆ ಮೂಗು ತೂರಿಸಿದ. ಅಲ್ಲೊಂದು ಬಜಿ ಬಿದ್ದಿತ್ತು, ಅದರ ಮೇಲೆ ಕಪ್ಪಗೆ ಏನೋ ಸವರಿತ್ತು. ದಿನಾ ಮಾರುವ ನನಗೆ ಆ ಕಪ್ಪು ಗೊತ್ತಿರದೆ ಇರುತ್ತದೆಯೇ? ಇಲಿ ಪಾಷಾಣ! ಅವನು ಬಾಯಿ ತೆರೆದ. ನಾನು ಆ ಹಲ್ಲುಗಳ ನಡುವೆ ಕೈ ಹಾಕಿ ಬಜಿ ಕಿತ್ತುಕೊಂಡೆ.



"ನಾನ ಇಟ್ಟಿದ್ದು," ಎಂದಳು ಅವ್ವ, ಮುಖ ಸಣ್ಣದು ಮಾಡಿಕೊಂಡು. "ಇಲಿ ಚೀಲ ತೂತು ಮಾಡ್ಯಾವ. ಅವಂಗ ಗೊತ್ತಿಲ್ಲವ್ವ."

ಶೈಲಶ್ರೀ ಗುಂಡನ ಬಾಯಿ ಬಿಡಿಸಿ ನೋಡಿದಳು. ಏನೂ ತಗುಲಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

ಕೆಟ್ಟೆ ಅನ್ನಿಸಿತು. ಕೆಟ್ಟ ಮೇಲೆ ಮುಚ್ಚಿಡುವುದೇನು?

"ಗೊತ್ತಿರಲಿಲ್ಲ, ಆದ್ರ ನೋಡಬೇಕಿತ್ತು. ನೀವು ಬ್ಯಾಡ ಅಂದ್ರ ನಾನು ಎದುರು ಮಾತಾಡಂಗಿಲ್ಲ," ಎಂದೆ. "ಒಂದ ಮಾತು ಹೇಳಿಬಿಡ್ತೀನಿ. ಅವತ್ತು ನಿಮ್ಮನ್ನ ನೋಡಿದಾಗಿಂದ ನನಗ ಬ್ಯಾರೆ ಯಾರ ಜೊತಿಗೂ ಬಾಳ್ವಿ ಮಾಡೋ ಮನಸಿಲ್ಲ. ನೀವಂದ್ರ ನನಗ ಜೀವ."

ಬೂದೆಪ್ಪನವರು ಕೆಮ್ಮಿ, ಅಂಗಡಿಯ ಬೋರ್ಡು ಓದಲು ಹೊರಗೆ ಹೋದರು.

"ಮೊದಲು ಕೈ ತೊಳ್ಕೊಳ್ರಿ," ಎಂದಳು ಶೈಲಶ್ರೀ. ಅಷ್ಟೇ. ನಾನು ತೊಳೆದು ಬರುವಷ್ಟರಲ್ಲಿ ಅವಳು ಅವ್ವನ ಪಕ್ಕದಲ್ಲಿ ಕೂತಿದ್ದಳು.

"ಜೋಳ ತಗಡಿನ ಡಬ್ಬ್ಯಾಗ ತುಂಬೂನು ಅತ್ತಿ. ಇಲಿಗೆ ಬೋನು ಇಡೂನು. ಪಾಷಾಣ ತಿಂದ ಇಲೀನ ಬೆಕ್ಕು ತಿಂದ್ರ ಅದೂ ಸಾಯ್ತದ."

"ಏನಂದಿ?" ಎಂದಳು ಅವ್ವ.

"ಡಬ್ಬ್ಯಾಗ ತುಂಬೂನು ಅಂದೆ."

"ಅದಲ್ಲ. ನನಗ ಏನಂದಿ?"

"ಅತ್ತಿ ಅಂದೆ," ಎಂದು ಶೈಲಶ್ರೀ ತಲೆ ತಗ್ಗಿಸಿದಳು.

ಅವ್ವ ಅವಳ ಗಲ್ಲ ಹಿಡಿದು ನೆಟಿಕೆ ಮುರಿದಳು. "ಲೇ ಹಾಲೇಶಾ, ನಿಂತು ಏನು ನೋಡ್ತಿ? ಬೀಗರ ಬಾಯಿಗೆ ಸಕ್ರಿ ಹಾಕಬೇಕು, ತಗೊಂಡು ಬಾ!"

ಅಡುಗೆಮನೆಯಲ್ಲಿ ನಾನು ಹಿಡಿದ ಡಬ್ಬಿಯೆಲ್ಲ ಉಪ್ಪಿನದೋ ರವೆಯದೋ ಆಗಿತ್ತು. ಹಿಂದಿನಿಂದ ಬಳೆಯ ಸದ್ದಾಯಿತು.

"ಗುಂಡನ ಬಾಯಾಗ ಕೈ ಹಾಕಿದ್ರಲ್ಲ, ಕಡೀತದಂತ ಅಂಜಿಕಿ ಬರಲಿಲ್ಲೇನು?"

"ಬಂತು."

"ಮತ್ತ?"

"ನಿಮ್ಮ ನಾಯಿ ರೀ ಅದು."

ಅವಳು ನನ್ನ ಪಕ್ಕದಿಂದ ಕೈ ಚಾಚಿ ಸರಿಯಾದ ಡಬ್ಬಿ ತೆಗೆದಳು. ಒಂದು ಚಿಟಿಕೆ ಸಕ್ಕರೆ ಎತ್ತಿ ನನ್ನ ತುಟಿಯ ಹತ್ತಿರ ತಂದು, ಅಲ್ಲೇ ತಡೆದು ಹಿಡಿದಳು.

"ನಮ್ಮ ನಾಯಿ ಅನ್ರಿ," ಎಂದಳು.

ಅಂದೆ.